ಬಾಗಿಲು ಕೇಳಬೇಡ

ಜೂನ್ 3, ಮಂಗಳವಾರ. ಮಧ್ಯಾಹ್ನ

ಮೂರನೇ ಟೇಕ್‌ಗೆ ಸರಿಹೋಯಿತು. ಮೊದಲನೆಯದರಲ್ಲಿ ನನ್ನ ಹೆಬ್ಬೆರಳು ಅಡ್ಡ. ಎರಡನೆಯದರಲ್ಲಿ ಮಾವನ ಸೀನು. ಅದೂ ಅಂತಿಂಥ ಸೀನಲ್ಲ, ಫೋನ್ ಕಟ್ಟಿದ್ದ ಕೊಡೆಯೇ ಅಲುಗಾಡಿತು.

ಸೆಟಪ್ ಈಗ ಪಕ್ಕಾ ಆಗಿದೆ. ಹಳೇ ಕೊಡೆಯ ಹಿಡಿಯನ್ನು ನಮ್ಮ ಕೀ ಅಂಗಡಿಯ ಶೆಲ್ಫಿಗೆ ಬಿಗಿದು, ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿ ಫೋನ್. ಕೆಳಗೆ ಕೀ ಬಿಗಿಹಿಡಿಯುವ ವೈಸ್, ವೈಸಿನ ಬಾಯಲ್ಲಿ ಕೀ, ಕೀ ಮೇಲೆ ಅರ. ಹತ್ತೂವರೆಯಿಂದ ಹನ್ನೊಂದೂಕಾಲರವರೆಗೆ ಬಿಸಿಲು ಸರಿಯಾಗಿ ಮೇಜಿನ ಮೇಲೆ ಬೀಳುತ್ತದೆ. ಆಮೇಲೆ ಎದುರಿನ ಕಟ್ಟಡ ನುಂಗಿಬಿಡುತ್ತದೆ. ಮುಕ್ಕಾಲು ಗಂಟೆ. ನನಗೆ ಧಾರಾಳ.

ಒಂದು ನಿಮಿಷದ ವಿಡಿಯೋ. ಮುಖ ಇಲ್ಲ, ಹಾಡಿಲ್ಲ. ನನ್ನ ಕೈ ಮತ್ತು ಅರದ ಸದ್ದು, ಅಷ್ಟೇ. ಇವತ್ತಿನದು ನಲವತ್ತೊಂದನೆಯದು. ನೋಡುವವರು ಇನ್ನೂರು ಚಿಲ್ಲರೆ ಜನ.

ನಮ್ಮ ಮನೆಯವರು ಬಸ್ ಓಡಿಸುವವರು, ಎಲ್ಲವನ್ನೂ ಬಸ್ಸಿನಿಂದಲೇ ಅಳೆಯುತ್ತಾರೆ. "ಅದಕ್ಕಿಂತ ಜಾಸ್ತಿ ಜನ ನನ್ನ ಎರಡು ಟ್ರಿಪ್ಪಿಗೆ ಹತ್ತುತ್ತಾರೆ ಕಣೇ."

"ಹತ್ತುತ್ತಾರೆ, ಇಳಿದೂ ಹೋಗ್ತಾರೆ. ನನ್ನೋರು ಕೂತೇ ಇರ್ತಾರೆ" ಅಂದೆ.



ಜೂನ್ 5, ಗುರುವಾರ

ಮಾವನಿಗೆ ಪೊರೆ ಆಪರೇಷನ್ ಆಗಿ ಮೂರು ವಾರ. ಕಪ್ಪು ಕನ್ನಡಕ ತೆಗೆದಾಗಿನಿಂದ ಅಂಗಡಿಯಲ್ಲಿ ನಮಗೆ ನೆಮ್ಮದಿಯಿಲ್ಲ.

"ಈ ಗೋಡೆ ಇಷ್ಟು ಕೊಳೆ ಆಗಿತ್ತಾ?"

"ಆಗಿತ್ತು ಮಾವ."

"ನೀನು ಇಷ್ಟು ಬಿಳಿಕೂದಲು ಯಾವಾಗ ಮಾಡ್ಕೊಂಡೆ?"

ಸೆರಗು ತಲೆ ಮೇಲೆ ಎಳೆದುಕೊಂಡೆ.

ಕೀ ಕೆಲಸ ಕಲಿಸಿದ್ದು ಅವರೇ. ಮದುವೆಯಾಗಿ ಬಂದ ವರ್ಷ ಬೇಜಾರಿಗೆ ಅಂಗಡಿಯಲ್ಲಿ ಕೂರುತ್ತಿದ್ದೆ. ಒಂದು ದಿನ ಅರ ಕೈಗೆ ಕೊಟ್ಟರು. ಈಗ ಹನ್ನೊಂದು ವರ್ಷ. ಮೆಷಿನ್ ಇದೆ, ಆದರೂ ಕೊನೆಯ ಎರಡು ಎಳೆತ ಕೈಯಿಂದಲೇ. ಕಲಿಸುವಾಗ ಮೂರು ಮಾತು ಹೇಳಿದ್ದರು. ಕೆಟ್ಟ ಕೀಯನ್ನು ಅವತ್ತೇ ಮುರಿ. ಯಾರ ಕೀಯದೂ ನಕಲು ಇಟ್ಟುಕೊಳ್ಳಬೇಡ. ಕೀ ಕೇಳು, ಬಾಗಿಲು ಕೇಳಬೇಡ.

ಮೂರನೆಯದಕ್ಕೆ ಆಗ ನಗು ಬಂದಿತ್ತು. ಕೀ ಯಾರ ಮನೆ ಬಾಗಿಲಿನದಾದರೆ ನನಗೇನು?

ಜೂನ್ 9, ಸೋಮವಾರ. 12 ಗಂಟೆ

ಈ ವಿಡಿಯೋ ಓಡುತ್ತದೆ. ಬರೆದಿಡುತ್ತಿದ್ದೇನೆ, ಆಮೇಲೆ ಇವರು ನೋಡಿಕೊಳ್ಳಲಿ.

ಕಣ್ಣಾಸ್ಪತ್ರೆಯ ನರ್ಸ್ ಬಂದಿದ್ದರು. ಮಾವನ ಕಣ್ಣಿಗೆ ದಿನಾ ಹನಿ ಹಾಕುತ್ತಿದ್ದವರು. ಮಾವ ಅವರಿಗೆ ಹನಿಯಮ್ಮ ಅಂತಲೇ ಹೆಸರಿಟ್ಟಿದ್ದಾರೆ. ಇದ್ದ ಎರಡು ಕೀಯಲ್ಲಿ ಒಂದು ಕಳೆದಿದೆ, ಇನ್ನೊಂದು ಮಾಡಿಕೊಡಿ ಅಂದರು. ಮಾವ ಟೀಗೆ ಹೋಗಿದ್ದರು. ಬಿಸಿಲು ಚೆನ್ನಾಗಿತ್ತು. ಶೂಟ್ ಮಾಡಲಾ ಅಂತ ಕೇಳಿದೆ. "ಮಾಡಿ, ನನ್ನ ಮೂತಿ ಬೇಡ ಅಷ್ಟೇ" ಅಂದರು.

ಸುಮ್ಮನೆ ನಿಂತಿದ್ದರು. ಅರ ಎಳೆಯುತ್ತಾ ಮಾತಿಗೆಳೆದೆ. "ಮನೆ ಎಲ್ಲಿ ಸಿಸ್ಟರ್?"

"ಗಡಿಯಾರದ ಬೇಕರಿ ಇಲ್ವಾ, ಅದರ ಮೇಲೆ ಮೂರನೇ ಮಹಡಿ. ಒಬ್ಬಳೇ ಇರೋದು. ಕೀ ಮರೆತ್ರೆ ಒಳಗಿಂದ ತೆಗೆಯೋಕೂ ಯಾರಿಲ್ಲ. ಮೆಟ್ಟಿಲ ಮೇಲೆ ಕೂತು ಬ್ರೆಡ್ ವಾಸನೆ ಕುಡಿಯೋದೇ ಕೆಲಸ. ಎರಡು ಸಲ ಹಾಗೆ ಕೂತು ಒಂದೂವರೆ ಕೆಜಿ ಏರಿದೀನಿ. ಬರೀ ವಾಸನೆಗೆ!"

ನಕ್ಕು ನಕ್ಕು ನನ್ನ ಅರ ಜಾರಿತು. ಮಾತು, ನಗು ಯಾವುದನ್ನೂ ತೆಗೆಯದೆ ವಿಡಿಯೋ ಹಾಗೇ ಹಾಕಿದ್ದೇನೆ. ಕೊನೆಗೆ ಹಳೇ ಕೀ, ಹೊಸ ಕೀ ಎರಡನ್ನೂ ಅಂಗೈಯಲ್ಲಿಟ್ಟು ಬಿಸಿಲಿಗೆ ತಿರುಗಿಸಿದೆ. ಕೀಯ ಅಂಚಿಗೆ ಹಲ್ಲಿನ ಹಾಗೆ ಐದು ಕಚ್ಚು, ಐದೂ ಫಳಫಳ. ಇಷ್ಟು ಚೆಂದದ ಶಾಟ್ ಇದುವರೆಗೆ ತೆಗೆದಿಲ್ಲ.

ಜೂನ್ 12, ಗುರುವಾರ

ನೋಡಿದವರು ತೊಂಬತ್ತು ಸಾವಿರ!

ಇವರ ಬಸ್ಸಿನ ಕಂಡಕ್ಟರ್ ಡ್ಯೂಟಿಯಲ್ಲೇ ನೋಡಿದರಂತೆ. "ಈ ಕೈ ನಮ್ಮ ಮನೆಯವಳದು" ಅಂದರೆ ನಂಬಲಿಲ್ಲವಂತೆ. ಇವರು ಬಳೆಯ ಗುರುತು ಹೇಳಿ ನಂಬಿಸಿದರಂತೆ. ಹೆಂಡತಿಯ ಬಳೆ ಹೇಗಿದೆ ಅಂತ ಗೊತ್ತಿದೆಯಲ್ಲ, ಅದೇ ದೊಡ್ಡ ಸುದ್ದಿ.

ಅರದ ಸದ್ದಿಗೆ ನಿದ್ದೆ ಬರುತ್ತದೆ ಅಂತ ನೂರಾರು ಜನ ಬರೆದಿದ್ದಾರೆ. ಬ್ರೆಡ್ ಸಿಸ್ಟರ್‌ನ ಮತ್ತೆ ಕರೆಸಿ ಅಂತ ಅದಕ್ಕಿಂತ ಹೆಚ್ಚು. ಹೇಳಿದ್ದೆನಲ್ಲ. ನನಗೆ ಅರ ಹಿಡಿಯುವುದು ಗೊತ್ತು, ಬೆಳಕು ಹಿಡಿಯುವುದೂ ಗೊತ್ತು.

ಭಾನುವಾರ ಟಿವಿಗೆ ಹಾಕಿ ಮಾವನಿಗೆ ತೋರಿಸಬೇಕು. ಫೋನಿನಲ್ಲಿ ಅವರು ನೋಡುವುದಿಲ್ಲ, ಕಣ್ಣು ಮುಚ್ಚಿ ಸದ್ದು ಕೇಳುತ್ತಾರೆ ಅಷ್ಟೇ. "ಎರಡನೇ ಕಚ್ಚಿಗೆ ಒತ್ತಿದ್ದು ಜಾಸ್ತಿ" ಅನ್ನುತ್ತಾರೆ. ನಿಜವೂ ಆಗಿರುತ್ತದೆ.

ಜೂನ್ 15, ಭಾನುವಾರ. ಮಧ್ಯಾಹ್ನ 3

 ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಊಟ ಆದ ಮೇಲೆ ಟಿವಿಗೆ ಹಾಕಿದೆವು. ಇವರು ಚಪ್ಪಾಳೆ ತಟ್ಟಿದರು. ಮಾವ ತಟ್ಟಲಿಲ್ಲ. ಇನ್ನೊಂದು ಸಲ ಹಾಕು ಅಂದರು. ಕೊನೆಯ ಶಾಟ್ ಬಂದಾಗ, "ಅಲ್ಲೇ ನಿಲ್ಲಿಸು."

ನಿಲ್ಲಿಸಿದೆ. ನನ್ನ ಅಂಗೈ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮಾವ ಎದ್ದು ಹತ್ತಿರ ಹೋದರು. ಬೆರಳಿನಿಂದ ಅಳೆದರು. ಏನೋ ಗೊಣಗಿಕೊಂಡು ಕೆಳಗೆ ಅಂಗಡಿಗೆ ಇಳಿದರು. ಅರದ ಸದ್ದು ಕೇಳಿಸಿತು. ಭಾನುವಾರ ಯಾಕಪ್ಪ ಅಂದುಕೊಂಡೆ.

ಮುಕ್ಕಾಲು ಗಂಟೆಯ ಮೇಲೆ ಬಂದು ನನ್ನ ಟೀ ಲೋಟದ ಪಕ್ಕ ಒಂದು ಕೀ ಇಟ್ಟರು.

"ಹನಿಯಮ್ಮನ ಬಾಗಿಲಿಗೆ ಹಾಕಿ ನೋಡು."

"ಅದು ಹೇಗೆ ಮಾವ, ಟಿವಿಲಿ ನೋಡಿ..."

"ಕೀ ತಲೆ ಎಷ್ಟಗಲ ಇರುತ್ತೆ ಅಂತ ನನಗೆ ಗೊತ್ತಿಲ್ವಾ? ಅದು ಗೊತ್ತಿದ್ರೆ ಐದು ಕಚ್ಚಿನ ಆಳ ತೆಗೆಯೋದು ಎಷ್ಟು ಹೊತ್ತಿನ ಕೆಲಸ? ನಾನು ಮುದುಕ, ಹೊಸ ಕಣ್ಣು. ಕಸುಬು ಗೊತ್ತಿರೋ ಕಳ್ಳನಿಗೆ ಇಷ್ಟೂ ಹೊತ್ತು ಬೇಡ."

ಸಮರ್ಥಿಸಿಕೊಳ್ಳಲು ಹೋದೆ. ಎಷ್ಟೋ ಜನರ ಕೀ ಹೀಗೆ ತೋರಿಸಿದ್ದೇನೆ, ಯಾರ ಕೀ ಅಂತ ಯಾರಿಗೆ ಗೊತ್ತಾಗುತ್ತೆ ಅಂದೆ. ಅನ್ನುವಾಗಲೇ ವಿಡಿಯೋದಲ್ಲಿನ ಮಾತು ನೆನಪಾಯಿತು. ಗಡಿಯಾರದ ಬೇಕರಿ. ಮೂರನೇ ಮಹಡಿ. ಒಬ್ಬಳೇ.

ಮಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಕೀನೂ ಕೊಟ್ಟೆ, ವಿಳಾಸನೂ ಕೊಟ್ಟೆ. ಒಂದು ಲೋಟ ಟೀನೂ ಕೊಟ್ಟುಬಿಟ್ಟಿದ್ರೆ ಉಪಚಾರ ಪೂರ್ತಿ ಆಗ್ತಿತ್ತು" ಅಂದರು.

ವಿಡಿಯೋ ತೆಗೆದುಹಾಕಿದೆ. ಒಂದು ಲಕ್ಷದ ನಲವತ್ತು ಸಾವಿರ ಆಗಿತ್ತು. ಬೆರಳು ಒಂದು ಕ್ಷಣ ನಿಂತಿತು. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ, ನಿಂತಿತು. ಅದಕ್ಕೇ ಹೆಚ್ಚು ನಾಚಿಕೆ.

ಈಗ ಹೊರಟಿದ್ದೇವೆ. ಇರುವುದರಲ್ಲಿ ಒಳ್ಳೇ ಬೀಗ ತೆಗೆದುಕೊಂಡಿದ್ದೇನೆ. ಮಾವನ ಕೀ ಮಾವನ ಜೇಬಿನಲ್ಲಿದೆ.

ಜೂನ್ 16, ಸೋಮವಾರ. ಬೆಳಗ್ಗೆ

ನಿನ್ನೆಯದು.

ಮೂರು ಮಹಡಿಯೂ ಬ್ರೆಡ್ ವಾಸನೆ. ಅವರು ಸುಳ್ಳು ಹೇಳಿರಲಿಲ್ಲ. ಬಾಗಿಲು ತೆಗೆದು, "ಅಯ್ಯೋ ತಾತ, ನೀವು ಮೆಟ್ಟಿಲು ಹತ್ತಬಾರದು!" ಅಂತ ಮಾವನ ಕೈ ಹಿಡಿದುಕೊಂಡರು. ನಾನು ಎಲ್ಲ ಹೇಳಿದೆ. ಬಾಗಿಲಲ್ಲೇ ನಿಂತು ಹೇಳಿದೆ, ಒಳಗೆ ಹೋಗಿ ಕೂತು ಹೇಳುವ ಧೈರ್ಯವಿರಲಿಲ್ಲ.

ಮೊದಲು ನಕ್ಕರು. "ಟಿವಿ ನೋಡಿ ಕೀ ಮಾಡೋಕಾಗುತ್ತಾ?"

ಮಾವ ಜೇಬಿನಿಂದ ತೆಗೆದು ತೋರಿಸಿದರು.

"ಸರಿ, ಹಾಕಿ ನೋಡೋಣ" ಅಂತ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಬೀಗ ಬಿದ್ದ ಸದ್ದು ಕೇಳಿಸಿತು.

ಮಾವ ಕೀಯನ್ನು ನನ್ನ ಕೈಗೆ ಕೊಟ್ಟರು. "ನೀನೇ ಹಾಕು."

ಹಾಕಿದೆ. ತಿರುಗದಿರಲಿ ದೇವರೇ ಅಂದುಕೊಂಡೆ. ಹನ್ನೊಂದು ವರ್ಷದಲ್ಲಿ ಒಂದು ಕೀ ತಿರುಗದಿರಲಿ ಅಂತ ಬೇಡಿಕೊಂಡಿದ್ದು ಅದೇ ಮೊದಲು. ಮೂರನೇ ಕಚ್ಚಿನಲ್ಲಿ ಚೂರು ತಡೆಯಿತು. ಆಮೇಲೆ ತಿರುಗಿತು.

ಬಾಗಿಲು ತೆರೆದಾಗ ಅವರು ಅಲ್ಲೇ ಒಳಗೆ ನಿಂತಿದ್ದರು. ನಗು ಇರಲಿಲ್ಲ.

"ಆಸ್ಪತ್ರೇಲಿ ಎಲ್ಲರೂ ಬ್ರೆಡ್ ಸಿಸ್ಟರ್ ಅಂತ ಕರೀತಿದ್ರು. ನಾನೂ ಖುಷಿಯಾಗಿ ಓ ಅಂತಿದ್ದೆ" ಅಂದರು. ಬೀಗದ ಮೇಲೆ ಕೈಯಿಟ್ಟು, "ಆರು ರಾತ್ರಿ ಆರಾಮಾಗಿ ಮಲಗಿದ್ದೆ ಇಲ್ಲಿ."

ತಪ್ಪಾಯಿತು ಅಂದೆ. ಬೀಗ ತಂದಿದ್ದೇನೆ, ಈಗಲೇ ಹಾಕಿಕೊಡುತ್ತೇನೆ ಅಂದೆ.

"ಬೇಡ. ನೀವು ಹಾಕೋದು ಬೇಡ. ಬೇರೆಯವರ ಕೈಲಿ ಹಾಕಿಸ್ಕೋತೀನಿ."

ಸಿಟ್ಟಿನ ಮಾತಲ್ಲ. ಹನಿ ಹಾಕುವಾಗ 'ಮೇಲೆ ನೋಡಿ' ಅನ್ನುತ್ತಾರಲ್ಲ, ಅಷ್ಟೇ ಮೆಲ್ಲಗೆ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಈ ಊರಿನಲ್ಲಿ ನನ್ನ ಕೈಕೆಲಸ ಬೇಡ ಅಂದವರು ಇದುವರೆಗೆ ಯಾರೂ ಇಲ್ಲ.

ಮಾವ ಆ ಕೀಯನ್ನು ಅವರಿಗೇ ಕೊಟ್ಟರು. ನಾವು ಇಳಿದು ಕೆಳಗಿನ ಮೆಟ್ಟಿಲ ಮೇಲೆ ಕೂತೆವು. ಹೊಸ ಬೀಗ ಬೀಳುವವರೆಗೆ ಹೋಗಬಾರದು ಅಂತ ಇಬ್ಬರಿಗೂ ಅನ್ನಿಸಿತ್ತು. ಗಂಟೆಯ ಮೇಲೆ ಮಾರ್ಕೆಟ್ಟಿನ ಬೀಗದವನು ಬಂದ.

"ಏನ್ ಯಜಮಾನ್ರೇ, ನೀವು ಇಲ್ಲೇ ಇದೀರಿ, ನನ್ನ ಕರೆಸಿದಾರೆ?"

"ನಾವು ಕಾವಲಿಗೆ ಬಂದೋರು, ನೀನು ಹೋಗಪ್ಪ" ಅಂದರು ಮಾವ.

ಅವನ ಕೈಯಲ್ಲಿದ್ದ ಬೀಗ ನೋಡಿದೆ. ಹಗುರ ಮಾಲು. ಕೀ ತಗಡಿನ ಹಾಗಿತ್ತು. ಮಾತು ನಾಲಿಗೆ ತುದಿಗೆ ಬಂತು. ಮಾವ ನನ್ನ ಮೊಣಕೈ ಹಿಡಿದರು. ನುಂಗಿಕೊಂಡೆ.

ಜೂನ್ 17, ಮಂಗಳವಾರ

ಎಲ್ಲ ವಿಡಿಯೋ ಒಂದೊಂದಾಗಿ ನೋಡಿದೆ. ಕಚ್ಚು ಸ್ಪಷ್ಟವಾಗಿ ಕಾಣುವುದು ಹದಿನಾಲ್ಕು. ಹದಿನಾಲ್ಕೂ ತೆಗೆದೆ. ಅವುಗಳಲ್ಲಿ ಬಾಗಿಲು ಯಾರದು ಅಂತ ಎಲ್ಲೂ ಇಲ್ಲ. ಕೇಳಿರಲಿಲ್ಲ, ಅದಕ್ಕೆ. ಮಾವನ ಮೂರನೇ ಮಾತು ಹದಿನಾಲ್ಕು ಮನೆ ಕಾದಿದೆ. ನಗು ಬಂದಿತ್ತಂತೆ ನನಗೆ, ಆಗ.

ಕೊಡೆ ಬಿಚ್ಚಿ ಮೂಲೆಗಿಟ್ಟೆ.

ಜುಲೈ 8, ಮಂಗಳವಾರ. 11 ಗಂಟೆ

ಮೂರು ವಾರ ಈ ಪುಸ್ತಕ ಮುಟ್ಟಿರಲಿಲ್ಲ. ಬಿಸಿಲು ದಿನಾ ಬಂದು, ಮೇಜಿನ ಮೇಲೆ ಕೂತು, ಎದ್ದು ಹೋಗುತ್ತಿತ್ತು. ಇವತ್ತು ಮನಸ್ಸು ತಡೆಯದೆ ಕೊಡೆ ಮತ್ತೆ ಕಟ್ಟಿದೆ.

ದಾರಿ ಸಿಕ್ಕಿದೆ. ಯಾವ ಬಾಗಿಲಿಗೂ ಸೇರದ ಕೀ! ಖಾಲಿ ಕೀ ತೆಗೆದುಕೊಂಡು ಮನಸ್ಸಿಗೆ ಬಂದ ಹಾಗೆ ಕಚ್ಚು ಹಾಕುವುದು. ಅಲೆ ಅಲೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ. ಮಾವ ಪಕ್ಕದಲ್ಲಿ ಕೂತು "ಇಂಥ ಕೀಗೆ ಬೀಗ ಮಾಡೋನು ಇನ್ನೂ ಹುಟ್ಟಿಲ್ಲ" ಅನ್ನುತ್ತಾರೆ. ಕೊನೆಗೆ ವೈಸಿಗೆ ಸಿಕ್ಕಿಸಿ ಅವರೇ ಮುರಿಯುತ್ತಾರೆ. ಟಕ್. ಆ ಸದ್ದು ಎಷ್ಟು ಚೆನ್ನಾಗಿ ಬಂದಿದೆ ಅಂದರೆ ನಾನೇ ಹತ್ತು ಸಲ ಕೇಳಿದೆ.

ನನಗೆ ಬರುವ ಕೆಲಸ ಇದು. ಬಿಡುವುದಿಲ್ಲ. ಸರಿಯಾಗಿ ಮಾಡುತ್ತೇನೆ, ಅಷ್ಟೇ.

"ಈಗ ನೋಡೋರು ಎಷ್ಟು ಬಸ್ಸು?" ಇವರು ಕೇಳಿದರು.

"ಹತ್ತು. ನಿಂತವರನ್ನೂ ಸೇರಿಸಿ."

ಜುಲೈ 21, ಸೋಮವಾರ

ಮಾವನನ್ನು ಚೆಕಪ್ಪಿಗೆ ಕರೆದುಕೊಂಡು ಹೋಗಿದ್ದೆ. ಹನಿಯಮ್ಮನೇ ಇದ್ದರು. ಮಾವನನ್ನು ತಾತ ಅಂದರು, ಹನಿ ಹಾಕಿದರು, ಕೆನ್ನೆ ಒರೆಸಿದರು. ನನ್ನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ. ಮಾತಾಡಿಸಬೇಕಿತ್ತು ನಾನೇ.  ಒಂದೂವರೆ ಲಕ್ಷ ಜನ ಹೋಗಿದ್ದು ಮರೆತಿದೆ, ಈ ಒಬ್ಬರು ಹೋಗಿದ್ದು ಮರೆಯುತ್ತಿಲ್ಲ.

ಆಟೋದಲ್ಲಿ ಮಾವ ಅಂದರು: "ಸೊಂಟದಲ್ಲಿ ಕೀ ಗೊಂಚಲು ಇತ್ತು, ನೋಡಿದ್ಯಾ? ಆ ತಗಡು ಆಗಲೇ ಬಗ್ಗಿದೆ."

"ಹೇಳಬಾರದಿತ್ತಾ ಮಾವ?"

"ಕೇಳದೆ ಹೇಳಿದ್ರೆ ವ್ಯಾಪಾರ ಅಂದ್ಕೋತಾರೆ."

"ಅಂದ್ಕೊಳ್ಳಲಿ. ಮುರಿದ್ರೆ ಒಬ್ಬರೇ ಹೊರಗೆ ನಿಲ್ಲಬೇಕು."

ಮಾವ ಒಂದು ಸಿಗ್ನಲ್ ದಾಟುವವರೆಗೆ ಯೋಚಿಸಿದರು. ಆಮೇಲೆ ಆಟೋ ತಿರುಗಿಸಲು ಹೇಳಿದರು. ಒಬ್ಬರೇ ಆಸ್ಪತ್ರೆಯೊಳಗೆ ಹೋಗಿ ಬಂದರು. ಏನು ಹೇಳಿದಿರಿ ಅಂದರೆ, "ಅಂಗಡಿ ನಂಬರ್ ಕೊಟ್ಟು ಬಂದೆ" ಅಂದರು.

ಆಗಸ್ಟ್ 2, ಶನಿವಾರ. 10.55

ಅರ್ಧ ಟೇಕ್ ಆಗಿತ್ತು. ಬಿಸಿಲು ಸರಿಯಾಗಿ ವೈಸಿನ ಮೇಲಿತ್ತು. ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರ್. ಟೇಕ್ ಹಾಳಾಯಿತು ಅಂತ ಬೈದುಕೊಂಡೇ, ಕೊಡೆಯಲ್ಲಿದ್ದ ಹಾಗೇ ಸ್ಪೀಕರಿಗೆ ಹಾಕಿದೆ.

"ಅರ್ಧ ಕೀ ಕೈಲಿದೆ. ಇನ್ನರ್ಧ ಬೀಗದೊಳಗಿದೆ." ದನಿ ಗುರುತು ಸಿಕ್ಕಿತು. "ರಾತ್ರಿ ಡ್ಯೂಟಿ ಮುಗಿಸಿ ಬಂದೆ, ನಿಂತು ನಿಂತು ಕಾಲು ಬಾತಿದೆ. ತಾತ ಮೆಟ್ಟಿಲು ಹತ್ತೋದು ಬೇಡ. ನೀವು ಬರ್ತೀರಾ?"

"ಬರ್ತೀನಿ" ಅಂದೆ. ಬೇರೇನೂ ಹೊಳೆಯಲಿಲ್ಲ.

"ಫೋನ್ ಅಲ್ಲೇ ಬಿಟ್ಟು ಬನ್ನಿ."

"ಬಿಟ್ಟು ಬರ್ತೀನಿ."

ಅವರ ಹಿಂದೆ ಯಾರೋ ಬೇಕರಿಯ ಟ್ರೇ ಎಳೆಯುವ ಸದ್ದು. ನಾನು ವಿಳಾಸ ಕೇಳಲಿಲ್ಲ.

"ಬಾಗಿಲು ಗೊತ್ತಲ್ಲ ನಿಮಗೆ?" ಅಂದರು ಅವರೇ.

ಗೊತ್ತು ಅಂದೆ. 

ಮಾವ ಕೊಡೆಯಿಂದ ಫೋನ್ ಬಿಚ್ಚಿ, ಡ್ರಾಯರಿಗೆ ಹಾಕಿ ಬೀಗ ಜಡಿದು, ಕೀ ತಮ್ಮ ಜೇಬಿಗೆ ಇಳಿಸಿದರು. ಜೂನ್‌ನಲ್ಲಿ ವಾಪಸ್ ತಂದಿದ್ದ ಆ ಬೀಗವನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದಾರೆ. ಹತ್ತಬೇಡಿ ಅಂದಿದ್ದಾರೆ ಅಂದರೆ, ಕೆಳಗಿನ ಮೆಟ್ಟಿಲಲ್ಲಿ ಕೂರೋಕೆ ಯಾರಪ್ಪಣೆ ಬೇಕು ಅನ್ನುತ್ತಾರೆ. ಇನ್ನೂ ಇಪ್ಪತ್ತು ನಿಮಿಷದ ಬಿಸಿಲಿದೆ ಮೇಜಿನ ಮೇಲೆ. ಇರಲಿ. ಚಿಕ್ಕ ಅರ ತೆಗೆದುಕೊಂಡೆ, ಚಿಮಟ ತೆಗೆದುಕೊಂಡೆ, ಎಣ್ಣೆ ಡಬ್ಬಿ...