ಆರು ನಿಮಿಷದ ಅಳು

ಮಾರ್ಚ್ ೯, ಭಾನುವಾರ

ನಾವು ಯಾಕೆ ಬಾಗಿದೆವು ಎಂಬುದೇ ತಲೆ ತಿನ್ನುತ್ತಿದೆ.

ಇಂದು ದೊಡ್ಡತ್ತೆಯನ್ನು ಮಣ್ಣು ಮಾಡಿ ಬಂದೆವು. ಸತ್ತವರ ಮುಂದೆ ಈ ದ್ವೀಪದ ಹೆಂಗಸರು ಹಾಡುವ ಹಾಡನ್ನು ನಮಗೆ ಕಲಿಸಿದವಳು ಅವಳೇ. ಪೂರ್ತಿ ಹಾಡಲು ಒಂದು ಗಂಟೆ ಬೇಕು. ರಜೆ ಕಳೆಯಲು ಬಂದವರಿಗೆ ಅಷ್ಟು ಹೊತ್ತು ಅಳು ಯಾಕೆ ಎಂದು ನಾವು ಹಾಡುವ ಹೋಟೆಲಿನ ಮ್ಯಾನೇಜರ್ ಅದನ್ನು ಆರು ನಿಮಿಷಕ್ಕೆ ಕತ್ತರಿಸಿದ. ಹನ್ನೊಂದು ವರ್ಷದಿಂದ ದಿನಾ ಸಂಜೆ ಕಡಲದಂಡೆಯಲ್ಲಿ, ಈಜಿ ಬಂದವರ ಊಟದ ಮೇಜುಗಳ ಮುಂದೆ, ನಾವು ಐವರು ಅಷ್ಟನ್ನೇ ಹಾಡುತ್ತಿದ್ದೇವೆ.

"ಹೊಟ್ಟೆಪಾಡು ಕಣ್ರೇ, ಹಾಡಿ. ಆದ್ರೆ ಉಳಿದದ್ದನ್ನ ಮರೀಬೇಡಿ" ಅನ್ನುತ್ತಿದ್ದಳು ಅತ್ತೆ. ನಾವು ಹೂಂಗುಟ್ಟುತ್ತಿದ್ದೆವು, ಅಷ್ಟೆ.

ಇಂದು ಅವಳ ತಲೆಯ ಬಳಿ ನಿಂತು ಹಾಡಿದೆವು. ಆರು ನಿಮಿಷಕ್ಕೆ ಹಾಡು ನಿಂತುಹೋಯಿತು. ಮುಂದಿನ ಸಾಲಿಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗೊತ್ತಿದ್ದವಳು ನಮ್ಮ ಮುಂದೆಯೇ ಮಲಗಿದ್ದಳು. ಆಮೇಲೆ ಯಾರೂ ಹೇಳದೆಯೇ ಐವರೂ ದಿನಾ ಸಂಜೆ ಹೋಟೆಲಿನಲ್ಲಿ ಮಾಡುವಂತೆ ಸಾಲಾಗಿ ನಿಂತು, ಹೆಣದ ಮುಂದೆ ಹಲ್ಲು ಕಿರಿದು ಬಾಗಿದೆವು.

ದೊಡ್ಡಮಾವ ಮೆಲ್ಲಗೆ ಅಂದ: "ನೆಟ್ಟಗೆ ನಿಂತ್ಕೊಳ್ರಮ್ಮ. ಇಲ್ಲಿ ಯಾರೂ ಗಿರಾಕಿಗಳಿಲ್ಲ."

ಉಳಿದವರು ಮುಖ ಮುಚ್ಚಿಕೊಂಡರು. ನಾನು ಮಾತ್ರ ಬಾಗಿದಲ್ಲೇ, ಇನ್ನೂ ಚಪ್ಪಾಳೆಗೆ ಕಾಯುತ್ತಿದ್ದೆ.