ತೊಳೆದ ನೋಟಿನ ಬದಲಿಗೆ ಒಂದು ಹತ್ತು ರೂಪಾಯಿ

ಕೆಂಗಲ್ಲಕೊಪ್ಪ, ಬಾದಾಮಿಯ ಹತ್ತಿರ
ಎರಡು ಸಾವಿರದ ಇನ್ನೂರ ಹದಿನೇಳನೆಯ ಇಸವಿ, ಕಾರಹುಣ್ಣಿಮೆಯ ಮರುದಿನ

ಹಿರಿಯರಾದ ಬಸ್ ಕಂಡಕ್ಟರ್ ಮುರಿಗೆಪ್ಪಜ್ಜನವರಿಗೆ, ನಿಮ್ಮ ಮರಿಮೊಮ್ಮಗನ ಮರಿಮೊಮ್ಮಗ ಗುರುಲಿಂಗಪ್ಪನ ಶರಣು ಶರಣಾರ್ಥಿ.

ಇಸವಿ ನೋಡಿ ಕಾಗದ ಎಸೆಯಬೇಡಿ. ನಿಮಗೆ ಈಗ ಮೂವತ್ತೊಂದು, ನನಗೆ ಅರವತ್ತೊಂದು. ಆದರೂ ಅಜ್ಜ ನೀವೇ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು, ಕೊನೆಯ ಪರೀಕ್ಷೆಯಲ್ಲಿ ಎರಡನೆಯ ನಂಬರು ಬಂದವನು. ತರಗತಿಯಲ್ಲಿ ಎಷ್ಟು ಜನರಿದ್ದರು ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಇದಕ್ಕೆ ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಮಾತ್ರ ಹೋಗುವ ಅಂಚೆ. ಅಕ್ಷರ ಹೋಗುತ್ತದೆ, ವಸ್ತು ಹೋಗುವುದಿಲ್ಲ, ಉತ್ತರ ಬರುವುದಿಲ್ಲ. ಜನ್ಮಕ್ಕೆ ಒಂದೇ ಬರೆಯಲು ಅಪ್ಪಣೆ. ನನ್ನ ಪಾಲಿನದನ್ನು ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ನೋಟು ಇಲ್ಲ, ಅಂಗೈಲೆಕ್ಕವಿದೆ. ಸಂತೆಯಲ್ಲಿ ಬದನೆಕಾಯಿ ಆರಿಸಿ ಅಂಗೈ ತೋರಿಸಿದರೆ ಮುಗಿಯಿತು. ಮದುವೆಯ ಮುಯ್ಯಿಯೂ ಹಾಗೆಯೇ, ಮದುಮಗನ ಅಂಗೈಗೆ ಅಂಗೈ ತಾಗಿಸಿ ಊಟಕ್ಕೆ ಹೋಗುತ್ತೇವೆ. ದರ್ಜಿಗಳು ಅಂಗಿಗೆ ಕಿಸೆ ಹೊಲಿಯುವುದನ್ನು ಮರೆತು ಎಪ್ಪತ್ತು ವರ್ಷವಾಯಿತು. ಅದಕ್ಕೇ ಹಳೆಯ ನೋಟಿಗೆ ಈಗ ಭಾರಿ ಬೆಲೆ, ಬೆಲೆ ಕಟ್ಟುವವನಿಗೆ ಭಾರಿ ಮರ್ಯಾದೆ. ಈ ಸೀಮೆಯ ಬೆಲೆಗಾರ ನಾನೇ. ನೋಟನ್ನು ಬೆಳಕಿಗೆ ಹಿಡಿದು ಒಳಗಿನ ನೆರಳುಚಿತ್ರ ನೋಡುತ್ತೇನೆ. ಮೂಲೆ ಚೂಪಾಗಿದೆಯೇ, ಪಿನ್ನಿನ ತೂತಿದೆಯೇ, ನಡುವೆ ಮಡಿಕೆ ಬಿದ್ದಿದೆಯೇ ಎಂಬುದು ನನ್ನ ಬೆರಳಿಗೇ ಗೊತ್ತಾಗುತ್ತದೆ. ಕಿವಿಯ ಹತ್ತಿರ ಆಡಿಸಿದರೆ ಗರಿಗರಿ ಸದ್ದಿನ ಮೇಲೆಯೇ ದರ್ಜೆ ಹೇಳುತ್ತೇನೆ.

ಊರಲ್ಲೊಂದು ನೋಟಿನ ಪಡಸಾಲೆ ಇದೆ, ಗಾಜಿನಡಿ ಇಪ್ಪತ್ತೆಂಟು ನೋಟು. ನೋಡಿಕೊಳ್ಳುವವಳು ನನ್ನ ತಂಗಿಯ ಮಗಳು ನೀಲಾಂಬಿಕೆ. ಸೋಮವಾರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕಿವಿಗೂ ನೋಟಿನ ಸದ್ದು ಕೇಳಿಸುತ್ತಾಳೆ. ಸರಕಾರದ ಕಟ್ಟಳೆಯಂತೆ ಪಡಸಾಲೆಯಲ್ಲಿ ಎರಡನೆಯ ದರ್ಜೆಗಿಂತ ಕೆಳಗಿಳಿಯದ ಒಂದಾದರೂ ನೋಟಿರಬೇಕು. ಇಲ್ಲದಿದ್ದರೆ ಬಾಗಿಲು ಮುಚ್ಚಿ ಎಲ್ಲವನ್ನೂ ಜಿಲ್ಲೆಗೆ ಸಾಗಿಸುತ್ತಾರೆ. ನಮ್ಮಲ್ಲಿ ಅಂಥದ್ದು ಇದ್ದದ್ದು ಒಂದೇ, ಹತ್ತು ರೂಪಾಯಿಯದು. ಯಾವ ತಾಯಿಯೋ ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅದರ ಮೇಲೆ ಅರಿಶಿಣದ ಬೆರಳು ಒತ್ತಿದ್ದಳು. ಕಲೆ ಹೋದರೆ ಮೊದಲನೆಯ ದರ್ಜೆಯೇ ಸಿಗುತ್ತದೆ ಎಂದು ನನಗೆ ಹೊಳೆಯಿತು. ಅಂಟುವಾಳದ ನೊರೆಯಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹೊಡೆದೆ. ಊರವರನ್ನೆಲ್ಲ ಕರೆದು ತೋರಿಸಿದೆ ಕೂಡ.

ತಪಾಸಣೆಗೆ ಬಂದ ಅಧಿಕಾರಿ ಜೈತುನಬಿ ಅದನ್ನು ಕಿವಿಯ ಹತ್ತಿರ ಆಡಿಸಿದಳು. ಸದ್ದೇ ಇಲ್ಲ, ಒದ್ದೆ ಅರಿವೆಯಂತೆ ಜೋತುಬಿತ್ತು. ಅಚ್ಚಿನ ಉಬ್ಬುಗೆರೆಗಳೆಲ್ಲ ಇಸ್ತ್ರಿಯಡಿ ಸತ್ತಿದ್ದವು. “ಅರಿಶಿಣ ಇದ್ರ ಇರ್ಲಿ ಅಂತ ಎರಡನೇ ದರ್ಜೆ ಕೊಡತಿದ್ದೆ ಕಾಕಾರ. ತೊಳದದ್ದಕ್ಕ ದರ್ಜೇನ ಇಲ್ಲ” ಅಂದಳು. ನೀಲಾಂಬಿಕೆ ಎಲ್ಲರೆದುರೇ, “ಮಾಮಾ, ನಿನ್ನ ಬಾಯಿಗೆ ಇಸ್ತ್ರಿ ಹೊಡಕೋಬೇಕಿತ್ತು, ನೋಟಿಗ್ಯಾಕ ಹೊಡದಿ?” ಅಂದಳು. “ತಡಿಯವಾ, ಇದರಪ್ಪನಂಥಾದ್ದ ತರತೀನಿ” ಅಂದೆ. “ಎಲ್ಲಿಂದ? ನಿಮ್ಮಜ್ಜನ ಕಿಸೇದಿಂದ?” ಎಂದಳು. ಜನ ನಕ್ಕರು, ಅವಳು ನಗಲಿಲ್ಲ. ಆ ಸೋಮವಾರ ಮಕ್ಕಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳು. ಅವರು ಹೋಗುವುದನ್ನು ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ಅಜ್ಜನ ಕಿಸೆಯಿಂದಲೇ ತರುವುದು ಎಂದು ಆಗಲೇ ತೀರ್ಮಾನಿಸಿದೆ.

ಆದ್ದರಿಂದ ಅಜ್ಜಾ, ಲಕ್ಷ್ಯವಿಟ್ಟು ಓದಿ. ದಿನಕ್ಕೆ ನೂರಾರು ಹತ್ತರ ನೋಟು ನಿಮ್ಮ ಕೈ ಹಾಯುತ್ತವೆ. ಗರಿ ಮುರಿಯದ ಒಂದನ್ನು ತೆಗೆದಿಡಿ. ನಂಬರಿನ ನಡುವೆ ನಕ್ಷತ್ರದ ಗುರುತಿದ್ದರೆ ಇನ್ನೂ ಒಳ್ಳೆಯದು. ನೀವು ಕಂಡಕ್ಟರುಗಳು ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತೀರಿ, ಇದೊಂದನ್ನು ಬಿಡಿ. ಎಂಜಲು ಹಚ್ಚಬೇಡಿ, ಪಿನ್ನು ಹೊಡೆಯಬೇಡಿ, ಯಾರ ಫೋನ್ ನಂಬರನ್ನೂ ಬರೆಯಬೇಡಿ. ಎರಡು ಗಾಜಿನ ನಡುವೆ ಇಟ್ಟು, ಅಂಚಿಗೆ ಜೇನುಮೇಣ ಮೆತ್ತಿ, ಸ್ಟೀಲ್ ಡಬ್ಬಿಗೆ ಹಾಕಿ. ನಿಮ್ಮ ಮನೆಯ ಪಡುವಣ ಗೋಡೆಯಲ್ಲಿ ದೀಪ ಇಡುವ ಗೂಡಿದೆಯಲ್ಲ, ಅದರ ಹಿಂದಿನ ಕೆಂಪು ಕಲ್ಲು ಸಡಿಲಿಸಿ ಡಬ್ಬಿಯನ್ನು ಒಳಗಿಟ್ಟು ಗಾರೆ ಬಳಿದುಬಿಡಿ. ಆ ಗೋಡೆ ಇಂದಿಗೂ ನಿಂತಿದೆ. ಈಗದು ಹಿಟ್ಟಿನ ಗಿರಣಿಯ ಗೋಡೆ. ಪೂಜೆ ಮಾಡಲೇಬೇಕೆನಿಸಿದರೆ ಅರಿಶಿಣವನ್ನು ಡಬ್ಬಿಗೆ ಹಚ್ಚಿ.

ಆ ಕಲ್ಲನ್ನು ನಾನಿನ್ನೂ ಮುಟ್ಟಿಲ್ಲ. ಕಾಗದ ನಿಮ್ಮನ್ನು ಮುಟ್ಟುವ ಮೊದಲೇ ಕಿತ್ತರೆ ಬರೀ ಮಣ್ಣು ಸಿಕ್ಕೀತೆಂಬ ಹೆದರಿಕೆ. ಬೇರೆ ನೋಟು ತೋರಿಸಲು ಜೈತುನಬಿ ಕೊಟ್ಟ ಗಡುವು ನಾಳೆ ಬೆಳಗಿನ ಹತ್ತು ಗಂಟೆ. ಊರೆದುರು ಹಾರೆ ಹಾಕುವವಳು ನೀಲಾಂಬಿಕೆ. ‘ಇದ್ದರೂ ಇರಬಹುದು’ ಅನ್ನು ಸಾಕು ಎಂದು ಹಿತವರು ಬುದ್ಧಿ ಹೇಳಿದರು. ನಾನು ಹಾಗೆ ಅನ್ನಲಿಲ್ಲ. ಇದೆ ಎಂದೇ ಹೇಳಿದ್ದೇನೆ. ನಮ್ಮ ಮುರಿಗೆಪ್ಪಜ್ಜ ಇಟ್ಟಿದ್ದಾನೆ ಎಂದು ಹೆಸರು ಹಿಡಿದು ಹೇಳಿದ್ದೇನೆ. ನನ್ನನ್ನು ಸುಳ್ಳ ಎನ್ನುವುದು ಊರಿಗೆ ರೂಢಿ. ನಿಮ್ಮನ್ನು ಇನ್ನೂ ಯಾರೂ ಹಾಗೆ ಅಂದಿಲ್ಲ.

ಏಳಿ ಅಜ್ಜಾ, ಮೊದಲ ಟ್ರಿಪ್ಪಿನ ಹೊತ್ತಾಯಿತು.

ನಿಮ್ಮವನೇ,
ಗುರುಲಿಂಗಪ್ಪ