ಪಿಶಾಚಿ ಎಸ್ಟೇಟಿನ ಮಂತ್ರ

ಜನವರಿ 5, ಭಾನುವಾರ

ವಾಕಿಂಗ್ ಆಯ್ತು. ಮಡಿಕೇರಿ ತುಂಬ ಪ್ರವಾಸಿಗರ ಕಾರು, ಹಾರನ್ನು... ಥೂ. ಬಿ.ಪಿ. ಮಾತ್ರೆ ನುಂಗಿದೆ. ಒಳಗೆ ಅನ್ನಪೂರ್ಣ ದೇವರ ದೀಪ ಹಚ್ಚಿದಳು. ನಾನು ಎಂದಿನಂತೆ ಪೇಪರ್ ಹಿಡಿದು ಜಗಲಿಯಲ್ಲಿ. ಮದುವೆಯಾದಾಗಿನಿಂದ ಪೂಜೆ ಹೆಂಡತಿಯದ್ದೇ.

ಹಂಸಿನಿಯ ಫೋನ್. ತಮ್ಮ ತಿಮ್ಮಪ್ಪಯ್ಯನ ಮಗಳು, ಕುಶಾಲನಗರದಲ್ಲಿ ಬ್ಯಾಂಕ್ ಕೆಲಸ. "ದೊಡ್ಡಪ್ಪಾ, ನೀವು ಹಾರರ್ ಸಿನಿಮಾದಲ್ಲಿ ಮಾಡಿದ್ರಂತೆ! ಒಂದು ಮಾತು ಹೇಳ್ಲಿಲ್ಲ ನೋಡಿ! ಯೂಟ್ಯೂಬಲ್ಲಿ ಸಿಕ್ತು. ನಮ್ಮ ಗ್ಯಾಂಗಿಗೆ ಹುಚ್ಚು ಹಿಡಿದಿದೆ."

'ಪಿಶಾಚಿ ಎಸ್ಟೇಟ್'. ಯಾವನೋ ಪುಣ್ಯಾತ್ಮ ಹಳೇ ಕ್ಯಾಸೆಟ್ಟಿನಿಂದ ಎತ್ತಿ ಹಾಕಿದ್ದಾನೆ. ಈಗ ಅದು ಕಲ್ಟ್ ಅಂತೆ. ವಾರ ಓಡದ ದರಿದ್ರ ಸಿನಿಮಾ, ನನ್ನ ಬದುಕು ತಿಂದು ತೇಗಿತು. ಅದಕ್ಕೆ ಈಗ ಚಪ್ಪಾಳೆ.

ಜನವರಿ 14, ಸಂಕ್ರಾಂತಿ

ಹಂಸಿನಿ ಎಳ್ಳು-ಬೆಲ್ಲ ತಂದಳು. ಭಾನುವಾರ ಎಲ್ಲರೂ ಸೇರಿ ನೋಡುತ್ತಾರಂತೆ, ನಾನು ಚೀಫ್ ಗೆಸ್ಟ್. "ಅಪ್ಪನ ಹತ್ರ ಕೇಳಿದ್ರೆ ಎದ್ದು ಹೋಗ್ತಾರೆ. ಎಂತ ಕಥೆ ದೊಡ್ಡಪ್ಪಾ?" ಎಂತ ಹೇಳುವುದು ಮಗುವಿಗೆ. ಎಳ್ಳು ಬಾಯಿಗೆ ಹಾಕಿಕೊಂಡೆ.

1988. ಮದ್ರಾಸಿನ ಕಂಪನಿ, ಊರಾಚೆಯ ಪಾಳು ಬಂಗಲೆಯಲ್ಲಿ ಶೂಟಿಂಗ್. ನಾನು, ತಮ್ಮ ನೋಡಲು ಹೋದೆವು. ಮಂತ್ರವಾದಿಯ ಪಾರ್ಟಿನವನು ಕುಡಿದು ಬಿದ್ದಿದ್ದ. ನನ್ನ ಜನಿವಾರ ಕಂಡು ನನ್ನನ್ನೇ ಕೂರಿಸಿದರು. ಎದುರಿಗೆ ತಲೆಬುರುಡೆ, ಕೆಂಪು ಬಣ್ಣದ ನೀರು. "ಯಾವುದಾದ್ರೂ ಮಂತ್ರ ಹೇಳಿ ಸಾರ್, ಮದ್ರಾಸಲ್ಲಿ ಡಬ್ ಮಾಡ್ಸ್ತೀವಿ" ಅಂದ ಡೈರೆಕ್ಟರು.

ಅಪ್ಪಯ್ಯ ಕಲಿಸಿದ ಮಂತ್ರ ಬುರುಡೆಯ ಮುಂದೆ ಹೇಳುವುದೇ? ನಾಲಿಗೆ ಏಳಲಿಲ್ಲ. ಕಣ್ಣು ಕೆಕ್ಕರಿಸಿ, ಬಸ್ ಕಂಡಕ್ಟರ್ ಕೂಗುವ ಊರುಗಳನ್ನು ಹೇಳಿದೆ — ಮೇಕೇರಿ, ಹಾಕತ್ತೂರು, ಮೂರ್ನಾಡು, ಹೊದ್ದೂರು, ನಾಪೋಕ್ಲು. ಮತ್ತೆ ಮೊದಲಿನಿಂದ.

ಡಬ್ ಮಾಡಿದವನು ದೇವಿಪೂಜೆಯ ಮಂತ್ರವನ್ನೇ ತುಂಬಿದ. ಥೇಟ್ ಅಪ್ಪಯ್ಯ ಪೂಜೆ ಮಾಡುವ ದೇವಸ್ಥಾನದ ಗರ್ಭಗುಡಿಯಲ್ಲಿ ಹೇಳುವುದು. ಯಾರೋ ಚಾಡಿಕೋರ ಅಪ್ಪಯ್ಯನನ್ನು ಥಿಯೇಟರಿಗೆ ಕರೆದುಕೊಂಡು ಹೋದ. ಬಾಯಿ ನನ್ನದು, ಬುರುಡೆ ಎದುರಿಗೆ, ಮಂತ್ರ ದೇವಿಯದ್ದು. ನಾನು ಹೇಳಿದ್ದು ಊರ ಹೆಸರು ಅಂತ ಬಡಕೊಂಡೆ. ಅಪ್ಪಯ್ಯ ತಮ್ಮನ ಕಡೆ ತಿರುಗಿದರು. ಸೆಟ್ಟಿನಲ್ಲಿ ಸಾಂಬ್ರಾಣಿ ಹೊಗೆ ಹಾಕುವ ಕೆಲಸಕ್ಕೆ ಅವನೂ ಸೇರಿದ್ದ. "ಜನರೇಟರ್ ಸದ್ದು ಅಪ್ಪಯ್ಯ. ನಾನು ದೂರ ಇದ್ದೆ. ಕೇಳಿಸ್ಲಿಲ್ಲ."

"ಇನ್ನು ಆ ಬಾಯಲ್ಲಿ ಮಂತ್ರ ಬರಕೂಡದು" ಅಂದರು ಅಪ್ಪಯ್ಯ. ದೇವಸ್ಥಾನದ ಪೂಜೆ ತಮ್ಮನಿಗೆ ಹೋಯಿತು. ಅಪ್ಪಯ್ಯನ ಚಿತೆಗೆ ಬೆಂಕಿ ಇಟ್ಟದ್ದೂ ತಮ್ಮನೇ, ಅವರ ಅಪ್ಪಣೆ. ಪ್ರತಿ ವರ್ಷ ತಿಥಿಗೆ ಹೋಗುತ್ತೇನೆ, ಹೊರಗೆ ಕೂರುತ್ತೇನೆ, ಬಡಿಸಿದ್ದು ಉಂಡು ಬರುತ್ತೇನೆ. ಹಿರಿಮಗನಂತೆ, ಹಿರಿಮಗ!

ಮಂತ್ರ ಬರಕೂಡದು ಅಂದರಲ್ಲ? ಆಯ್ತು. ಅವತ್ತಿನಿಂದ ಒಂದಕ್ಷರ ಹೇಳಿಲ್ಲ. ಮೇಷ್ಟ್ರಾಗಿ ಲೆಕ್ಕ ಕಲಿಸಿದೆ. ಆದರೂ ಸಾಯುವ ಮೊದಲು ಒಂದು ಸಲ ನನ್ನ ಕೈಯಿಂದ ಅಪ್ಪಯ್ಯನಿಗೆ ಪಿಂಡ ಇಡಬೇಕು. ಬೇರೆ ಎಂತದೂ ಬೇಡ.

ಜನವರಿ 19, ಭಾನುವಾರ

ರಾತ್ರಿ ಹನ್ನೊಂದಾಯ್ತು. ಆದರೂ ಬರೆಯುತ್ತೇನೆ.

ಕುಶಾಲನಗರ, ಹಂಸಿನಿಯ ಸ್ನೇಹಿತ ರಾಹುಲನ ಮನೆ. ಮಟಮಟ ಮಧ್ಯಾಹ್ನ ಕರ್ಟನ್ ಎಳೆದು ಕತ್ತಲೆ ಮಾಡಿದ್ದರು. ದೆವ್ವದ ಕಾಲಲ್ಲಿ ಹವಾಯಿ ಚಪ್ಪಲಿ — ಬಿದ್ದು ಬಿದ್ದು ನಕ್ಕರು. ಬಾವಲಿಗೆ ಕಟ್ಟಿದ ದಾರ — ಶಿಳ್ಳೆ. ಇಂಥ ಎಡವಟ್ಟು ಹುಡುಕುವುದೇ ಇವರ ಆಟ. ಆಮೇಲೆ ನಾನು ಬಂದೆ. ಎಷ್ಟು ತೆಳ್ಳಗಿದ್ದೆ!

"ಅಂಕಲ್, ಲಿಪ್ ಸಿಂಕ್ ಆಗ್ತಾ ಇಲ್ಲ. ನೀವು ನಿಜವಾಗ್ಲೂ ಎಂತ ಹೇಳಿದ್ದು?" ರಾಹುಲ್ ಕೇಳಿದ. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲಿಗ. ಹೇಳಿದೆ. ಸೌಂಡ್ ತೆಗೆದು ಸ್ಲೋ ಮಾಡಿ ಹಾಕಿದ. ಮೇಕೇರಿ — ತುಟಿ ಕೂಡಿ ಬಿಟ್ಟಿತು. ಮೂರ್ನಾಡು — ಕೂಡಿ ಗುಂಡಗಾಯಿತು. ನಾಪೋಕ್ಲು — ನಡುವೆ ಕೂಡಿತು. ಒಂದೂ ತಪ್ಪಲಿಲ್ಲ. ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ನನಗೆ ಕಣ್ಣು ತುಂಬಿತು. ನೋಡಿ ಅಪ್ಪಯ್ಯ, ನೋಡಿ, ಅಂತ ಮನಸ್ಸಿನಲ್ಲೇ ಅಂದೆ.

"ನಿಲ್ಸು ನಿಲ್ಸು! ಫ್ರೇಮಲ್ಲಿ ಯಾರೋ ಇದ್ದಾರೆ!" ಹಂಸಿನಿ ಹಾರಿ ಎದ್ದಳು. ಎಡಮೂಲೆ. ಹೊಗೆಯ ಹಿಂದೆ ಒಬ್ಬ ಕುಕ್ಕರಗಾಲಲ್ಲಿ ಕೂತಿದ್ದಾನೆ, ಕೈಯಲ್ಲಿ ಧೂಪದ ಬಾಣಲೆ. ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ. ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾನೆ, ನಗು ತಡೆಯಲಾಗದೆ ಭುಜ ಕುಣಿಯುತ್ತಿದೆ.

"ಅಯ್ಯೋ ದೊಡ್ಡಪ್ಪಾ, ಇದು ನಮ್ಮ ಅಪ್ಪ ಅಲ್ವಾ!"

ಎಲ್ಲರೂ ಚಪ್ಪಾಳೆ ಹೊಡೆದರು. ಕೇಳಿಸದವನು ನಕ್ಕದ್ದು ಯಾಕೆ?

ಜನವರಿ 20

ಇಡೀ ದಿನ ಅನ್ನ ಸೇರಲಿಲ್ಲ. ಅನ್ನಪೂರ್ಣಳಿಗೆ ಹೇಳಿದೆ. "ಹೋಗಿ ಕೇಳಿ. ಇಲ್ಲಿ ಕೂತು ನನ್ನ ಮೇಲೆ ರೇಗ್ಬೇಡಿ" ಅಂದಳು.

ಫೆಬ್ರವರಿ 2, ಭಾನುವಾರ

ಧೈರ್ಯ ಮಾಡಲು ಇಷ್ಟು ದಿನ ಬೇಕಾಯಿತು. ತಮ್ಮ ದೇವಸ್ಥಾನದ ಹಿಂದೆ ಹೂ ಕೊಯ್ಯುತ್ತಿದ್ದ. ಮೊಬೈಲಲ್ಲಿ ಅವನು ನಗುವ ಆ ದೃಶ್ಯ ತೆಗೆದು ಮುಖಕ್ಕೆ ಹಿಡಿದೆ. ನೋಡಿದ. ಹೂಬುಟ್ಟಿ ಕೆಳಗಿಟ್ಟ.

"ಕೇಳಿಸಿತ್ತು ಅಣ್ಣ."

"ಮತ್ತೆ ಅಪ್ಪಯ್ಯನಿಗೆ ಯಾಕೋ ಸುಳ್ಳು ಹೇಳಿದೆ?"

"ನೀನು ಟೀಚರ್ ಟ್ರೈನಿಂಗ್ ಮಾಡಿದ್ದೆ. ನಂಗೆ ಎಂತ ಇತ್ತು? ಎಸ್ಸೆಸ್ಸೆಲ್ಸಿ ಫೇಲು. ಪೂಜೆಯೂ ನಿಂಗೆ ಹೋದ್ರೆ ನಾನು ಎಲ್ಲಿಗೆ ಹೋಗ್ಲಿ ಮಾರಾಯ? ಸ್ವಲ್ಪ ದಿನ ಬಿಟ್ಟು ಹೇಳುವ ಅಂತಿದ್ದೆ. ಅಷ್ಟರಲ್ಲಿ ಅಪ್ಪಯ್ಯ ಹೋಗಿಬಿಟ್ರು."

ಕಪಾಳಕ್ಕೆ ಬಾರಿಸಬೇಕು ಅಂತಲೇ ಹೋಗಿದ್ದೆ. ಕೈ ಏಳಲಿಲ್ಲ. ಅವನ ತಲೆ ಪೂರ್ತಿ ನೆರೆತಿದೆ. ಹಾಳಾದವನು, ಅಪ್ಪಯ್ಯನ ಹಾಗೇ ಕಾಣುತ್ತಾನೆ.

"ಈ ಸಲ ತಿಥಿ ನೀನೇ ಮಾಡು. ನಾನು ಮಂತ್ರ ಹೇಳಿಕೊಡ್ತೇನೆ" ಅಂದ. ಹ್ಞೂಂ ಅಂದು ಬಂದೆ. ಖುಷಿಯಾಗಬೇಕಿತ್ತು. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ನಡೆದೆ.

ಫೆಬ್ರವರಿ 16

ನಾಳೆ ತಿಥಿ. ಅನ್ನಪೂರ್ಣ ಮಡಿಪಂಚೆ ಒಗೆದು ಹಾಕಿದ್ದಾಳೆ. "ಒಮ್ಮೆ ಮಂತ್ರ ಹೇಳಿ ನೋಡಿ" ಅಂದಳು. ಬರುತ್ತದೆ ಬಿಡೇ, ಅಪ್ಪಯ್ಯ ಬೆತ್ತ ಹಿಡಿದು ಕಲಿಸಿದ್ದು, ಅಂದೆ.

ಫೆಬ್ರವರಿ 17

ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡೆ. ಹಿರಿಮಗನ ಜಾಗದಲ್ಲಿ ಕೂತೆ. ಎಳ್ಳು, ಅನ್ನದ ಉಂಡೆ ನನ್ನ ಕೈಯಲ್ಲಿ. ಬಾಗಿಲಲ್ಲಿ ಅನ್ನಪೂರ್ಣ, ಹಂಸಿನಿ. ಪಕ್ಕದಲ್ಲಿ ತಮ್ಮ — ಅವತ್ತಿನಷ್ಟೇ ಹತ್ತಿರ.

ಅವನು ಮೊದಲ ಸಾಲು ಹೇಳಿದ. ಬಾಯಿ ತೆರೆದೆ. ಬರಲಿಲ್ಲ. ಬಿಡಿಸಿ ಬಿಡಿಸಿ ಹೇಳಿದ, ಮಕ್ಕಳಿಗೆ ಹೇಳಿಕೊಡುವ ಹಾಗೆ. ಅಪ್ಪಯ್ಯನ ಹೆಸರನ್ನಾದರೂ ಹೇಳಬೇಕು ಅಂತ ಉಸಿರು ಎಳೆದುಕೊಂಡೆ. ನಾಲಿಗೆ ಅದರಷ್ಟಕ್ಕೇ ಹೊರಳಿತು. ಎಲ್ಲರಿಗೂ ಕೇಳಿಸುವಂತೆ, ಗಟ್ಟಿಯಾಗಿ — ಮೇಕೇರಿ, ಹಾಕತ್ತೂರು, ಮೂರ್ನಾ...